ಹೆಸರಿನ ಚೀಲ, ಹೆಸರಿಲ್ಲದ ಫ್ಲಾಪಿ

ಅವನನ್ನು ಮೊದಲ ಸಲ ನೋಡಿದಾಗ ನಾನು ಸಿಟ್ಟಿನಲ್ಲಿದ್ದೆ. ಸಿಟ್ಟು ಅವನ ಮೇಲೆಯೇ. ಆದರೆ ಎದುರಿಗೆ ನಿಂತವನು ಅವನೇ ಅಂತ ನನಗೆ ಗೊತ್ತಿರಲಿಲ್ಲ.

೧೯೮೮ರ ಬೇಸಿಗೆ. ಕುಂದಗೋಳ ಸ್ಟೇಶನ್ನಿನ ಹಿಂದೆ ನಮ್ಮ ಬೀಜ ಬೆಳೆಗಾರರ ಸಹಕಾರಿ ಸಂಘದ ಗೋದಾಮು, ಗೋದಾಮಿನ ಬಾಜು ಒಂದು ಕೋಣೆ, ಕೋಣೆಯಲ್ಲಿ ಒಂದು ಕಂಪ್ಯೂಟರ್. ಇಡೀ ತಾಲೂಕಿಗೆ ಅದೊಂದೇ ಅಂತ ಸೆಕ್ರೆಟರಿ ಶಂಕ್ರಪ್ಪ ಕಾಕಾ ಬಂದವರಿಗೆಲ್ಲ ಹೇಳುತ್ತಿದ್ದರು. ಅದಕ್ಕೆ ವಿಭೂತಿ ಹಚ್ಚಿದ್ದರು. ಚಪ್ಪಲ್ಲು ಹೊರಗೆ ಬಿಟ್ಟು ಒಳಗೆ ಬರಬೇಕಿತ್ತು. ಸಂತೆಗೆ ಬಂದ ಹೆಣ್ಣುಮಕ್ಕಳು ಕಿಟಕಿಯಲ್ಲಿ ಇಣುಕಿ, ಹಸಿರು ಅಕ್ಷರ ಮಿನುಗುವುದನ್ನು ನೋಡಿ, ಕೈ ಮುಗಿದು ಹೋಗುತ್ತಿದ್ದರು.

ನಾನು ಕುಬಿಹಾಳದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ಹುಬ್ಬಳ್ಳಿಯಲ್ಲಿ ಬಿ.ಎಸ್ಸಿ. ಮುಗಿಸಿದ ಮೇಲೆ ಸಂಘದಲ್ಲಿ ಬೀಜ ಪರೀಕ್ಷೆಯ ಕೆಲಸ ಸಿಕ್ಕಿತ್ತು. ಒದ್ದೆ ಗೋಣಿತಟ್ಟಿನ ಮೇಲೆ ಕಾಳು ಹರಡಿ, ಎಷ್ಟು ಮೊಳಕೆ ಒಡೆದವು ಅಂತ ನೋಡಿ, ಆ ಅಂಕಿಯನ್ನು ಕಂಪ್ಯೂಟರಿಗೆ ಹಾಕಬೇಕು. ಅದು ಚೀಲದ ಬಾಯಿಗೆ ಹೊಲಿಯುವ ಚೀಟಿಯನ್ನು ಅಚ್ಚು ಹಾಕಿ ಕೊಡಬೇಕು. ಆ ವಾರವೆಲ್ಲ ಅದು ಏನೂ ಕೊಟ್ಟಿರಲಿಲ್ಲ.

ಹುಬ್ಬಳ್ಳಿಯ ಒಂದು ಸಣ್ಣ ಕಂಪನಿ ನಮಗೆ ಪ್ರೋಗ್ರಾಂ ಬರೆದು ಕಳಿಸುತ್ತಿತ್ತು. ನನ್ನ ಮುಂದೆ ಮೂರು ಫ್ಲಾಪಿ ಇದ್ದವು. ಮೂರರ ಮೇಲೂ ಪೆನ್ಸಿಲ್ಲಿನಲ್ಲಿ 'ಹೊಸದು' ಅಂತ ಬರೆದಿತ್ತು, ಬೇರೆ ಏನೂ ಇಲ್ಲ.

ಬಾಗಿಲಲ್ಲಿ ಯಾರೋ ನಿಂತ ಹಾಗಾಯಿತು. ತೆಳ್ಳಗಿನ ಕಪ್ಪು ಹುಡುಗ, ಹೆಗಲಿಗೆ ಚೀಲ, ಬೆನ್ನಿಗಂಟಿದ ಶರ್ಟು.

"ಚಪ್ಪಲ್ ಹೊರಗ ಬಿಡ್ರಿ," ಅಂದೆ. "ಫ್ಯಾನ್ ರಿಪೇರಿಗೆ ಬಂದೀರೇನು?"

ಅವನು ಚಪ್ಪಲ್ಲು ಬಿಟ್ಟ. "ಫ್ಯಾನಿಗೆ ಏನಾಗೇತ್ರಿ?"

"ಫ್ಯಾನ್ ಹಾಳಾಗಿ ಹೋಗ್ಲಿ. ಇದನ್ನ ನೋಡ್ರಿ. ಇದೂ ಹೊಸದು, ಇದೂ ಹೊಸದು, ಇದೂ ಹೊಸದು. ಯಾವುದಕ್ಕಿಂತ ಯಾವುದು ಹೊಸದು? ಯಾವಾಗ ಮಾಡಿದ್ದು? ಒಳಗ ಏನೈತಿ? ಹೆಸರಕಾಳಿನ ಚೀಲಕ್ಕೂ ನಾವು ಹೆಸರು ಹಚ್ಚಿ ಕೊಡ್ತೀವಿ. ಇದನ್ನ ಮಾಡಿದ ಮಹಾನುಭಾವ ಒಮ್ಮೆ ನನ್ನ ಕೈಯಾಗ ಸಿಗಬೇಕು."

"ಸಿಕ್ರ ಏನ್ ಮಾಡ್ತೀರಿ?"

"ಇದ ಕುರ್ಚಿ ಮ್ಯಾಲ ಕುಂಡ್ರಿಸಿ, ಇದರಾಗ ಹೊಸದು ಯಾವುದು ತೋರಸಪಾ ಅಂತೀನಿ. ಅಂವಗೂ ಗೊತ್ತಿರಂಗಿಲ್ಲ."

ಅವನು ಬಂದು ಆ ಕುರ್ಚಿಯ ಮೇಲೆ ಕೂತ. ಫ್ಲಾಪಿಗಳನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ತಲೆ ಎತ್ತಿ, "ಖರೇನ ಗೊತ್ತಾಗವಲ್ದರಿ," ಅಂದ.

ನನಗೆ ಹೊಳೆಯುವಷ್ಟರಲ್ಲಿ, ಹೊರಗೆ ಚೀಲದ ಬಾಯಿ ಹೊಲಿಯುತ್ತ ಕೂತಿದ್ದ ಹಲೀಮಾಬಿ ದಬ್ಬಣ ಬಿಟ್ಟು ಗೊಳ್ಳೆಂದು ನಕ್ಕಳು. ನನ್ನ ಮುಖ ಎಲ್ಲಿಡಲಿ ಅಂತ ತಿಳಿಯದೆ ನಾನು ಫ್ಯಾನು ನೋಡಿದೆ. ಫ್ಯಾನು ತನ್ನ ಪಾಡಿಗೆ ತಾನು ತಿರುಗುತ್ತಿತ್ತು.

ಅವನ ಹೆಸರು ಬಸವಣ್ಣೆಪ್ಪ. ಕಲಘಟಗಿ ಕಡೆಯ ದೇವಿಕೊಪ್ಪದವನು. ಅಪ್ಪ ಹೊಳೆಯಪ್ಪ ಕುರಿ ಕಾಯುವವರು. ಆ ಮನೆಯಿಂದ ಕಾಲೇಜಿಗೆ ಹೋದವನು ಇವನೊಬ್ಬನೇ. ಅಂದಿನಿಂದ ಪ್ರತಿ ಮಂಗಳವಾರ ಹುಬ್ಬಳ್ಳಿಯಿಂದ ಪ್ಯಾಸೆಂಜರ್ ಗಾಡಿಯಲ್ಲಿ ಬಂದು ಸಂಜೆ ಗಾಡಿಗೆ ಹೋಗುತ್ತಿದ್ದ. ಇವತ್ತಿಗೂ ದೂರದಲ್ಲಿ ಗಾಡಿ ಕೂಗಿದರೆ ನನ್ನ ಕೈ ತಾನಾಗಿ ಸೆರಗು ಸರಿ ಮಾಡಿಕೊಳ್ಳುತ್ತದೆ.

ಮುಂದಿನ ಮಂಗಳವಾರ ಅವನು ತಂದ ಫ್ಲಾಪಿಯ ಮೇಲೆ ಹೆಸರು, ನಂಬರು, ತಾರೀಖು ಎಲ್ಲ ಇದ್ದವು. ಪರೀಕ್ಷೆ ಬರೆಯುವ ಹುಡುಗನ ಹಾಗೆ ದುಂಡಗೆ ಬರೆದಿದ್ದ.

"ಈಗ ಸಮಾಧಾನ ಆತೇನ್ರಿ?"

"ಅರ್ಧ."

"ಇನ್ನರ್ಧ?"

"ಇದನ್ನ ಹೆಂಗ ನಡಸಬೇಕು ಅನ್ನೋದು ಎಲ್ಲೈತಿ?"

"ಅದನ್ನ ನಾನ ಹೇಳ್ತೀನಲ್ರಿ. ಮಂಗಳವಾರಕ್ಕೊಮ್ಮೆ ಬರ್ತೀನಲ್ಲ."

"ನೀವು ಬರಲಿಲ್ಲಂದ್ರ?"

ಅವನು ನನ್ನನ್ನೇ ನೋಡಿದ. "ಯಾಕ ಬರಂಗಿಲ್ಲ?" ಅಂದ. ನಾನು ಕಾಳಿನ ತಟ್ಟಿಗೆ ನೀರು ಚಿಮುಕಿಸುವ ನೆಪದಲ್ಲಿ ಎದ್ದು ಹೋದೆ.

ಅದರ ಮುಂದಿನ ವಾರ ಅವನು ಟೈಪ್ ಮಾಡಿದ ಹಾಳೆಗಳನ್ನು ತಂದ. ಎಲ್ಲ ವಿವರ ಅದರಲ್ಲಿತ್ತು. ಒಂದೆರಡು ದಿನಕ್ಕೇ ಶಂಕ್ರಪ್ಪ ಕಾಕಾ ಒಂದು ಹಾಳೆಯ ಮೇಲೆ ಮಿರ್ಚಿ ಭಜಿ ಇಟ್ಟುಕೊಂಡು ತಿಂದಿದ್ದರು. ಎಣ್ಣೆಯಲ್ಲಿ ಅಕ್ಷರವೆಲ್ಲ ಕಲಸಿ ಹೋಗಿತ್ತು.

"ಕಾಗದ ಒಂದ ಕಡಿ, ಫ್ಲಾಪಿ ಒಂದ ಕಡಿ ಆದ್ರ ಹಿಂಗ ಆಗತೈತಿ," ಅಂದೆ. "ಫ್ಲಾಪಿ ಎಲ್ಲಿ ಹೋಗತೈತೋ ಅದರ ಮಾತೂ ಅದರ ಹೊಟ್ಟ್ಯಾಗ ಹೋಗಬೇಕು."

ಅವನು ಆ ವಿವರವನ್ನೆಲ್ಲ ಪ್ರೋಗ್ರಾಮಿನ ಒಳಗೇ ಬರೆದು ತಂದ. ಪ್ರೋಗ್ರಾಂ ಸುರು ಮಾಡಿ, ಒಂದು ಗುಂಡಿ ಒತ್ತಿದರೆ ವಿವರ ಬರುತ್ತಿತ್ತು.

"ಸುರು ಆಗಲಿಲ್ಲಂದ್ರ?" ಅಂದೆ. "ಹೆಂಗ ಸುರು ಮಾಡೋದು ಅಂತ ಓದಾಕ ಮೊದಲ ಸುರು ಮಾಡಬೇಕೇನ್ರಿ?"

ಅವನು ಕೈಯಲ್ಲಿದ್ದ ಫ್ಲಾಪಿ ಕೆಳಗಿಟ್ಟ. ಆಮೇಲೆ ನಕ್ಕ. ಅವನು ನಗುವಾಗ ಮೊದಲು ಕಣ್ಣು ನಗುತ್ತಿದ್ದವು, ಬಾಯಿ ಆಮೇಲೆ.

ನಾನು ಅವನನ್ನು ಗೋದಾಮಿಗೆ ಕರೆದುಕೊಂಡು ಹೋಗಿ ಹಲೀಮಾಬಿಯ ಮುಂದೆ ನಿಲ್ಲಿಸಿದೆ. "ಇಲ್ಲಿ ನೋಡ್ರಿ. ಚೀಟಿ ಹೊರಗ. ಯಾವ ತಳಿ, ಯಾರ ಹೊಲದ್ದು, ಎಷ್ಟು ಮೊಳಕಿ. ಚೀಲ ಬಿಚ್ಚದ ಓದಬಹುದು. ಹೆಂಗ ಬಿತ್ತಬೇಕು, ಯಾವಾಗ ಬಿತ್ತಬೇಕು ಅನ್ನೋ ಹಾಳಿ ಒಳಗ. ಮನಿಗೆ ಒಯ್ದು ಸಾವಕಾಶ ಓದಾಕ."

ಅವನು ಬಗ್ಗಿ ಚೀಟಿ ಓದಿದ. ಅಷ್ಟು ಹತ್ತಿರ ಬಗ್ಗಿದ್ದನೆಂದರೆ ಅವನ ಕೂದಲಿಗೆ ಹತ್ತಿದ್ದ ಹೊಟ್ಟಿನ ಧೂಳು ನನಗೆ ಕಾಣುತ್ತಿತ್ತು. ತೆಗೆಯಬೇಕು ಅನ್ನಿಸಿತು. ಕೈ ಕಟ್ಟಿಕೊಂಡು ನಿಂತೆ.

ಅಲ್ಲಿಂದ ಅವನು ಪ್ರತಿ ಫ್ಲಾಪಿಯಲ್ಲಿ ಬೇರೆಯೇ ಒಂದು ಫೈಲು ಇಡತೊಡಗಿದ. ಅದರ ಹೆಸರು 'ಓದು'. ಪ್ರೋಗ್ರಾಂ ಸುರು ಮಾಡದೆಯೂ ಅದನ್ನು ಪರದೆಯ ಮೇಲೆ ತರಬಹುದಿತ್ತು. ಆದರೆ ಪ್ರತಿ ಸಲವೂ ಏನಾದರೊಂದು ಬಿಟ್ಟು ಹೋಗಿರುತ್ತಿತ್ತು. ಪ್ರಿಂಟರಿಗೆ ಹೇಳುವುದು ಹೇಗೆ ಅನ್ನುವುದು ಒಮ್ಮೆ, ತಪ್ಪಿದರೆ ಹಿಂದಕ್ಕೆ ಬರುವುದು ಹೇಗೆ ಅನ್ನುವುದು ಒಮ್ಮೆ. ನಾನು ಮಂಗಳವಾರದ ತನಕ ಕಾದು ಕೇಳುತ್ತಿದ್ದೆ. ಅವನು ಕುರ್ಚಿ ಎಳೆದುಕೊಂಡು ಬಾಜು ಕೂತು ಹೇಳುತ್ತಿದ್ದ.

"ಗೊತ್ತಿದ್ದದ್ದನ್ನ ಕೇಳೂದೂ ಒಂದು ನೌಕರಿ ಆತೇನವಾ?" ಅಂತ ಹಲೀಮಾಬಿ ಒಮ್ಮೆ ದಾರ ಕಚ್ಚುತ್ತ ಕೇಳಿದಳು. ನಾನು ಕೇಳಿಸದವಳ ಹಾಗೆ ನಡೆದೆ.

ಅವನು ಊಟಕ್ಕೆ ಏನೂ ತರುತ್ತಿರಲಿಲ್ಲ. ನಾನು ಬುತ್ತಿಗೆ ಒಂದೆರಡು ರೊಟ್ಟಿ ಹೆಚ್ಚಿಗೆ ಕಟ್ಟತೊಡಗಿದೆ, ಜೊತೆಗೆ ನಂಚಿಕೊಳ್ಳಲು ಶೇಂಗಾ ಹಿಂಡಿ. ಅವ್ವ ಮಲ್ಲಕ್ಕ ನೋಡಿಯೇ ನೋಡಿದಳು. ಕಡೆಗೆ, "ಮಂಗಳವಾರ ಅಷ್ಟ ಹಸಿವು ಹೆಚ್ಚೇನ ಬೇ?" ಅಂದಳು.

ಚೀಟಿಯ ಮೇಲೆ ಪರೀಕ್ಷೆ ಮಾಡಿದವರ ಹೆಸರೂ ಬರಬೇಕು ಅಂತ ಆದಾಗ ಅವನು ಇಂಗ್ಲಿಷ್ ಅಕ್ಷರದಲ್ಲಿ 'ಮಹಾದೇವಿ' ಅಂತ ಹೊಡೆದ.

"ನನ್ನ ಹೆಸರು ಮಹಾದೇವಕ್ಕ."

"ಎಂಟಕ್ಷರಕ್ಕಿಂತ ಹೆಚ್ಚು ಹಿಡಿಯಂಗಿಲ್ರಿ. ಅಕ್ಕ ಬಿಟ್ಟೀನಿ."

"ಎಂಟ ಅಕ್ಷರ ಅಂತ ಇಟ್ಟಾವ್ರು ನೀವ ಅಲ್ರಿ?"

"ಹೌದ್ರಿ."

"ಬದಲಿಸಬಹುದಲ್ಲ?"

"ಬದಲಿಸಬಹುದು." ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಕಿವಿ ಮಾತ್ರ ಕೆಂಪಾಗಿತ್ತು. "ಬದಲಿಸಂಗಿಲ್ಲ."

ಮನೆ, ಊರು, ಸಂಘ, ಎಲ್ಲರಿಗೂ ನಾನು ಹುಟ್ಟಿದಾಗಿನಿಂದ ಅಕ್ಕನೇ. ಅಜ್ಜಿಯ ಹೆಸರು ಅದು. ಅದನ್ನು ಕತ್ತರಿಸಿ ಹಗುರ ಮಾಡಿ ಯಾರೂ ನನ್ನ ಕೈಗೆ ಕೊಟ್ಟಿರಲಿಲ್ಲ.

"ಪ್ರೋಗ್ರಾಂ ಬರದಾವರ ಹೆಸರೂ ಬರ್ಲಿ," ಅಂದೆ, ಸುಮ್ಮನಿರಲಾಗದೆ. ಅವನು ತನ್ನ ಹೆಸರು ಹೊಡೆದ. ಎಂಟು ಅಕ್ಷರಕ್ಕೆ ಅದು ನಿಂತುಬಿಟ್ಟಿತು. ನಾನು ಗಟ್ಟಿಯಾಗಿ ಓದಿದೆ: "ಬಸವಣ್ಣ. ಅಣ್ಣ ಅಂತ ಬಂತಲ್ರಿ?"

ಅವನು ಅದನ್ನು ಅಳಿಸಿದ ಗಡಿಬಿಡಿ ನೋಡಬೇಕಿತ್ತು. 'ಬಸು' ಅಂತ ಹೊಡೆದು, ಎದ್ದು, ನೀರು ಕುಡಿಯಲು ಹೊರಗೆ ಹೋದ.

ಮೇ ಕಡೆಯ ವಾರ ರೋಹಿಣಿ ಮಳೆ ಎರಡು ಸಲ ಚೆನ್ನಾಗಿ ಹನಿಸಿತು. ಹೆಸರು ಬಿತ್ತುವವರೆಲ್ಲ ಸಂಘದ ಬಾಗಿಲಿಗೆ ಬಂದು ನಿಂತರು. ಆ ಮಂಗಳವಾರ ಪ್ಯಾಸೆಂಜರ್ ಬಂತು, ಹೋಯಿತು. ಬಸವಣ್ಣೆಪ್ಪ ಇಳಿಯಲಿಲ್ಲ.

ಹಿಂದಿನ ವಾರ ಅವನು ಹೊಸ ಫ್ಲಾಪಿ ಕೊಟ್ಟಿದ್ದ. "ಬರೂ ವಾರ ನಾನ ಬಂದು ಹಾಕ್ತೀನಿ," ಅಂದಿದ್ದ. ನಾನು ಅವನ 'ಓದು' ತೆರೆದು ನೋಡಿದೆ. ಸುರು ಮಾಡುವುದು ಹೇಗೆ ಅಂತ ಇತ್ತು, ಚೀಟಿ ತೆಗೆಯುವುದು ಹೇಗೆ ಅಂತ ಇತ್ತು. ಕಾಯಬೇಕು ಅಂತ ಎಲ್ಲಿಯೂ ಇರಲಿಲ್ಲ.

"ಮಂದಿ ನಿಂತಾರವಾ, ಮಳಿ ನಿಂದರಂಗಿಲ್ಲ. ಹಾಕಿಬಿಡು," ಅಂದರು ಶಂಕ್ರಪ್ಪ ಕಾಕಾ. ಹಾಕಿದೆ. ಚೀಟಿಗಳು ಸರಸರ ಬಂದವು. ಹಲೀಮಾಬಿ ಹೊಲಿದಳು. ಸಂಜೆಯೊಳಗೆ ಟ್ರ್ಯಾಕ್ಟರು ತುಂಬಿ ಕುಬಿಹಾಳಕ್ಕೆ ಹೋಯಿತು.

ಮನೆಗೆ ಬಂದು ನೋಡಿದರೆ ನಡುಮನೆಯಲ್ಲಿ ಅಪ್ಪನ ಬೀಜದ ಚೀಲಗಳಿದ್ದವು. ಸುಮ್ಮನೆ ಚೀಟಿ ಓದಿದೆ. ಯಾರ ಹೊಲದ್ದು ಅಂತ ಇದ್ದ ಹೆಸರು ನೋಡಿ ಗುರುತು ಸಿಕ್ಕಿತು. ಕೊಯ್ಲಿನಲ್ಲಿ ಮಳೆಗೆ ಸಿಕ್ಕು ಮುಗ್ಗಿದ್ದ ಕಾಳು ಅದು. ಆ ತಟ್ಟಿನ ವಾಸನೆ ಸಹಿತ ನನಗೆ ನೆನಪಿತ್ತು, ಅರ್ಧಕ್ಕರ್ಧ ಮೊಳಕೆ ಒಡೆದಿರಲಿಲ್ಲ. ಚೀಟಿಯಲ್ಲಿ ನೂರಕ್ಕೆ ತೊಂಬತ್ತು ಅಂತ ಇತ್ತು.

"ಅಪ್ಪಾ, ನಾ ಹೇಳೂ ತನಕ ಇದನ್ನ ಬಿತ್ತಬ್ಯಾಡ," ಅಂದೆ. ಅಪ್ಪ ಈರಪ್ಪ ಆಗಲೇ ಉಂಡು ಎತ್ತಿಗೆ ಮೇವು ಹಾಕಲು ಹೋಗುತ್ತಿದ್ದ. "ಹೂಂ," ಅಂದ. ಕೇಳಿಸಿಕೊಂಡ ಅಂತ ತಿಳಿದೆ.

ಬೆಳಗಿನ ಮೊದಲ ಬಸ್ಸಿಗೆ ಕುಂದಗೋಳಕ್ಕೆ ಹೋದರೆ ಕೋಣೆಯ ಮೆಟ್ಟಿಲ ಮೇಲೆ ಬಸವಣ್ಣೆಪ್ಪ ಕೂತಿದ್ದ. ಗಡ್ಡ ಬಂದಿತ್ತು, ಕಣ್ಣು ಕೆಂಪಾಗಿದ್ದವು.

"ಅವ್ವಗ ಭಾಳ ಜ್ವರ ಬಂದಿದ್ವು. ಕಲಘಟಗಿ ದವಾಖಾನಿಗೆ ಒಯ್ದಿದ್ದೆ. ತಿಳಸಾಕ ಫೋನ್ ಸಿಗಲಿಲ್ಲ. ಈಗ ಆರಾಮದಾಳ." ಆಮೇಲೆ ನನ್ನ ಮುಖ ನೋಡಿದ. "ಯಾಕ್ರಿ? ಏನಾತು?"

ಹೇಳಿದೆ. ಅವನು ಒಳಗೆ ಓಡಿ ಮಶೀನು ಹಚ್ಚಿದ. ಪರದೆಯಲ್ಲಿ ಅಂಕಿಗಳು ಸರಿಯುತ್ತಿದ್ದ ಹಾಗೆ ಅವನ ಮುಖ ಬಿಳಿಚಿತು.

"ಇದರಾಗ ತೇವಾಂಶ ಅಂತ ಒಂದು ಹೊಸ ಕಾಲಮು ಹಾಕೀನಿ. ಹಳೇ ಅಂಕಿಗಳನ್ನ ಮೊದಲ ಅದಕ್ಕ ಹೊಂದಿಸ್ಕೋಬೇಕಿತ್ತು. ಹೊಂದಿಸಲಿಲ್ಲಂದ್ರ ಒಂದು ಚೀಲದ ಅಂಕಿ ಬಾಜು ಚೀಲಕ್ಕ ಹೋಗತೈತಿ."

"ಅದನ್ನ 'ಓದು'ದಾಗ ಯಾಕ ಬರೀಲಿಲ್ಲ?"

ಅವನು ಫ್ಲಾಪಿ ಹೊರಗೆ ತೆಗೆದು ಕೈಯಲ್ಲಿ ಹಿಡಿದ.

"ಬಸವಣ್ಣೆಪ್ಪಾರ, ನಿಮ್ಮನ್ನ ಕೇಳಾಕತ್ತೀನಿ. ಯಾಕ ಬರೀಲಿಲ್ಲ?"

"ಬರದಿಟ್ಟಿದ್ರ ನನ್ನ ಕೆಲಸ ಇರ್ತಿರಲಿಲ್ಲ," ಅಂದ, ನೆಲ ನೋಡುತ್ತ.

ನೌಕರಿಯ ಮಾತು ಆಡುತ್ತಿದ್ದಾನೆ ಅಂತ ತಿಳಿದೆ. ನನ್ನ ಊರಿನ ಬಿತ್ತನೆ ಇವನ ನೌಕರಿಗಿಂತ ಹಗುರಾಯಿತಲ್ಲ ಅನ್ನಿಸಿತು. ಆದರೆ ಜಗಳಕ್ಕೆ ಹೊತ್ತಿರಲಿಲ್ಲ. ಆಕಾಶ ಕಪ್ಪಾಗಿತ್ತು.

ಒಳ್ಳೆಯ ಬೀಜದ ಚೀಲಗಳನ್ನು ಟ್ರ್ಯಾಕ್ಟರಿಗೆ ಹೇರಿದೆವು. ಹಲೀಮಾಬಿ ದಬ್ಬಣ ಸಿಗಿಸಿಕೊಂಡು ತಾನೂ ಬರ್ತೀನಿ ಅಂತ ಹತ್ತಿದಳು. ಕುಬಿಹಾಳದಲ್ಲಿ ಬಹಳ ಮಂದಿ ನೆಲ ಇನ್ನಷ್ಟು ಆರಲಿ ಅಂತ ಕಾದಿದ್ದರು. ಶಂಕ್ರಪ್ಪ ಕಾಕಾ ಮನೆಮನೆಗೆ ಹೋಗಿ ಚೀಲ ಬದಲಿಸತೊಡಗಿದರು. ನಮ್ಮ ಮನೆಗೆ ಬೀಗ ಇತ್ತು. ಊರಿಗೆ ಮೊದಲು ಬಿತ್ತುವವನು ಯಾವಾಗಲೂ ನಮ್ಮಪ್ಪನೇ.

ಬದುವಿನ ಮೇಲೆ ಓಡಿದೆ. ಹಿಂದೆ ಅವನೂ ಹೆಗಲ ಮೇಲೆ ಚೀಲ ಹೊತ್ತು ಓಡಿ ಬರುತ್ತಿದ್ದ. ಅಪ್ಪ ಕೂರಿಗೆ ಹೊಡೆಯುತ್ತಿದ್ದ, ಅವ್ವ ಕಾಳು ಬಿಡುತ್ತಿದ್ದಳು. ಆಗಲೇ ಅರ್ಧ ಹೊಲ ಆಗಿತ್ತು.

"ಅಪ್ಪಾ! ನಿಂದರಸು!"

ಅಪ್ಪ ಎತ್ತು ನಿಲ್ಲಿಸಿದ. ನಾನು ಏದುಸಿರಿನಲ್ಲಿ ಎಲ್ಲ ಹೇಳಿದೆ. ಅಪ್ಪ ಬಗ್ಗಿ, ಸಾಲಿನಿಂದ ಒಂದು ಹಿಡಿ ಮಣ್ಣು ಎತ್ತಿ, ಅದರೊಳಗಿನ ಕಾಳು ನೋಡಿ ಕೆಳಗೆ ಬಿಟ್ಟ.

"ತಪ್ಪು ಯಾರದು?" ಅಂದ.

"ನಂದ್ರಿ," ಅಂದ ಬಸವಣ್ಣೆಪ್ಪ. "ಬರದ ಇಡಬೇಕಾದದ್ದನ್ನ ಬರದ ಇಡಲಿಲ್ಲ."

"ನಂದು, ಅಪ್ಪಾ. ಅಂಕಿ ನೋಡಲಾರದ ಚೀಟಿ ಹೊಲಿಸಿದೆ."

"ಅವರದೇನಿಲ್ರಿ."

"ಅವರದೇನಿಲ್ಲ, ಅಪ್ಪಾ."

ಅಪ್ಪ ರುಮಾಲು ಬಿಚ್ಚಿ ಮುಖ ಒರೆಸಿಕೊಂಡ. "ತಪ್ಪು ನಂದಲ್ಲ ಅಂತ ಬಡಿದಾಡೂದು ಈ ಊರಾಗ ಭಾಳ ನೋಡೀನಿ," ಅಂದ. "ನಂದು ನಂದು ಅಂತ ಬಡಿದಾಡೂದು ಇವತ್ತ ನೋಡಿದೆ." ಅವನನ್ನು ಒಮ್ಮೆ ನೋಡಿದ. ನನ್ನನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದ. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅವತ್ತು ಇಡೀ ದಿನ ಅವನು ಚೀಲ ಹೊತ್ತ. ಸಾಲುಗಳನ್ನು ಮತ್ತೆ ಹರಗಿ, ಮತ್ತೆ ಬಿತ್ತಿದರು. ಸಂಜೆ ಮಳೆ ಜಡಿಯಿತು. ಅಷ್ಟರಲ್ಲಿ ಊರಿನ ಕೊನೆಯ ಚೀಲವೂ ಬದಲಾಗಿತ್ತು.

ಮುಂದಿನ ವಾರಗಳಲ್ಲಿ ನಾವು ಕೂತು ಎಲ್ಲವನ್ನೂ ಹೊಸದಾಗಿ ಮಾಡಿದೆವು. ನಗೆಚಾಟಿಕೆ ಕಡಿಮೆಯಾಗಿತ್ತು. ಅವನು ಮೊದಲಿಗಿಂತ ಮೆಲ್ಲಗೆ ಮಾತಾಡುತ್ತಿದ್ದ.

"ಒಂದ ಫೈಲ್ ಸಾಕು. ಎಲ್ಲಾ ಅದರಾಗ ಬರೀರಿ," ಅಂದೆ.

"ಎರಡು ಬೇಕ್ರಿ. ಮೊದಲನೇದು ಸಣ್ಣದು. ಹೆಸರು, ನಂಬರು, ತಾರೀಖು, ಮಾಡಿದಾವರು ಯಾರು, ಇದಕ್ಕಿಂತ ಮೊದಲ ಏನಾಗಿರಬೇಕು. ಸಾಲಿಗೊಂದು, ಯಾವಾಗಲೂ ಅದ ಕ್ರಮದಾಗ."

"ಅಷ್ಟ್ಯಾಕ ಬಿಗಿ?"

"ಅದನ್ನ ಮನಷ್ಯಾರಷ್ಟ ಓದಂಗಿಲ್ಲ. ಪ್ರೋಗ್ರಾಮೂ ಓದತೈತಿ. ಹಳೇ ಅಂಕಿ ಹೊಂದಿಲ್ಲ ಅಂತ ಕಂಡ್ರ, ನಾ ನಡಿಯಂಗಿಲ್ಲ ಅಂತ ನಿಂತಬಿಡತೈತಿ. ನಾ ಇರ್ಲಿ, ಇಲ್ದ ಇರ್ಲಿ."

ಅದು ನನಗೆ ಹೊಳೆದಿರಲಿಲ್ಲ. ಚೀಲ ತಾನೇ ತನ್ನ ಚೀಟಿ ಓದಿ 'ನನ್ನ ಬಿತ್ತಬ್ಯಾಡ್ರಿ' ಅಂದ ಹಾಗೆ.

"ಎರಡನೇದು?"

"ಅದು ಮನಷ್ಯಾರಿಗೆ. ಅದನ್ನ ನೀವ ಬರೀಬೇಕು. ನಾ ಬರದ್ರ ನಂಗ ಒಬ್ಬಂವಗ ತಿಳೀತೈತಿ."

ಬರೆದೆ. ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಕುಂದಗೋಳದ ಮಾತು. 'ಮೊದಲ ಹಳೇ ಫ್ಲಾಪಿ ಹಾಕ್ರಿ. ಕೆಂಪು ದೀಪ ಆರೂ ತನಕ ಕೈ ಹಚ್ಚಬ್ಯಾಡ್ರಿ. ತಪ್ಪಾದ್ರ ಗಾಬರಿ ಆಗಬ್ಯಾಡ್ರಿ, ಏನೂ ಸುಡಂಗಿಲ್ಲ.' ಅವನು ಓದಿ, ಬಹಳ ದಿನಗಳ ಮೇಲೆ ನಕ್ಕ.

ಪರೀಕ್ಷೆಗೆ ಅಂತ ಹಲೀಮಾಬಿಯ ತಂಗಿಯ ಮಗಳು ರಜಿಯಾಬೇಗಂಳನ್ನು ಕರೆಸಿದೆವು. ಪಿಯುಸಿ ಮುಗಿಸಿದ್ದಳು, ಕಂಪ್ಯೂಟರನ್ನು ಕಿಟಕಿಯಿಂದ ಮಾತ್ರ ನೋಡಿದ್ದಳು. ಅವಳನ್ನು ಕುರ್ಚಿಯ ಮೇಲೆ ಕೂರಿಸಿ, ಫ್ಲಾಪಿ ಕೈಗೆ ಕೊಟ್ಟು, ನಾವಿಬ್ಬರೂ ಗೋಡೆಗೆ ಬೆನ್ನು ಹಚ್ಚಿ ನಿಂತೆವು. ಓದಿದಳು. ಹಾಕಿದಳು. ತೆಗೆದಳು. ಒಂದು ಮಾತೂ ಕೇಳಲಿಲ್ಲ. ಪ್ರಿಂಟರು ಕಿರ್ರೆಂದು ಕೂಗಿ ಚೀಟಿಗಳನ್ನು ಹೊರಗೆ ತಂದಿತು, ಎಲ್ಲ ಸರಿಯಾಗಿದ್ದವು.

ಶಂಕ್ರಪ್ಪ ಕಾಕಾ ಚಪ್ಪಾಳೆ ತಟ್ಟಿದರು. ಹಲೀಮಾಬಿ ಹುಡುಗಿಯ ಗಲ್ಲ ಸವರಿ ಲಟಿಕೆ ಮುರಿದಳು. ನಾನೂ ಅವನೂ ಮಾತ್ರ ಒಬ್ಬರನ್ನೊಬ್ಬರು ನೋಡಲಿಲ್ಲ. ಇನ್ನು ಅವನು ಬರುವ ಅವಶ್ಯಕತೆ ಇರಲಿಲ್ಲ.

ಅವತ್ತು ಸಂಜೆ ಸ್ಟೇಶನ್ನಿನ ತನಕ ನಾನೂ ನಡೆದೆ. ಕೇಳಿದರೆ ಬಸ್ ಸ್ಟ್ಯಾಂಡಿಗೆ ಅದೇ ದಾರಿ ಅನ್ನಬೇಕು ಅಂತ ಇತ್ತು, ಯಾರೂ ಕೇಳಲಿಲ್ಲ. ಪ್ಲಾಟ್‌ಫಾರ್ಮಿನ ಬೇವಿನ ಮರದ ಕೆಳಗೆ ನಿಂತೆವು. ಮಳೆ ನಿಂತು, ಕರಿ ನೆಲದಿಂದ ಹಬೆ ಏಳುತ್ತಿತ್ತು.

"ಕಂಪನಿಯವರು ಗದಗ ಕೆಲಸಕ್ಕ ಹಾಕ್ಯಾರ," ಅಂದ.

"ಹೌದ?"

"ಹೌದ್ರಿ."

ಅವನು ಹೆಗಲ ಚೀಲ ಕೆಳಗಿಟ್ಟ. ಆಮೇಲೆ ಅವನೇ ಸುರು ಮಾಡಿದ. "ಅವತ್ತ ನೀವು ಕೇಳಿದ್ರಿ, ಯಾಕ ಬರೀಲಿಲ್ಲ ಅಂತ. ನಾ ನೌಕರಿ ಮಾತು ಆಡಲಿಲ್ರಿ. ಎಲ್ಲಾ ಬರದಿಟ್ರ ನೀವು ನನ್ನ ಯಾಕ ಕರೀತಿದ್ರಿ? ಪ್ರತಿ ಸಲ ಏನರ ಒಂದು ಬಿಟ್ಟು ಬರ್ತಿದ್ದೆ. ಸಣ್ಣದು. ನೀವು ಕೇಳ್ಲಿ ಅಂತ. ಆ ಸಲದ್ದು ಸಣ್ಣದಿರಲಿಲ್ಲ. ನಿಮ್ಮಪ್ಪ ಆ ಮಣ್ಣು ಎತ್ತಿ ನೋಡಿದ್ದು ನಂಗ ಮರಿಯಾಕ ಆಗವಲ್ದು."

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ.

"ನಾ ಕೇಳ್ತಿದ್ದದ್ದರಾಗ ಅರ್ಧ ನಂಗ ಗೊತ್ತಿದ್ದದ್ದ ಇತ್ತು," ಅಂದೆ.

ಅವನು ತಿರುಗಿ ನೋಡಿದ. ಮೊದಲು ಕಣ್ಣು ನಕ್ಕವು. ಬಾಯಿ ನಗಲೋ ಬೇಡವೋ ಅಂತ ಹೆದರಿದ ಹಾಗಿತ್ತು. ದೂರದಲ್ಲಿ ಸಿಗ್ನಲ್ ಬಿತ್ತು.

"ಈಗ ಬರಾಕ ಕೆಲಸ ಇಲ್ಲಲ್ರಿ," ಅಂದ.

"ಕೆಲಸ ಇಲ್ದ ಬರ್ರಿ."

"ಎಲ್ಲಿಗೆ? ಸಂಘಕ್ಕ?"

"ಕುಬಿಹಾಳಕ್ಕ. ಮನಿಗೆ. ಅಪ್ಪ ಇರೂ ಮುಂದ."

ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಕೈಯಲ್ಲಿ ಏನೂ ಇಲ್ಲದೆ ಬಂದ. ಅಪ್ಪ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ.

"ಏನ್ ಕೆಲಸದ ಮ್ಯಾಲ ಬಂದ್ರಿ?"

"ಕೆಲಸ ಏನಿಲ್ರಿ. ನಿಮ್ಮ ಮಗಳನ್ನ ಮದುವಿ ಆಗಬೇಕಂತ ಮಾಡೀನಿ. ಅವರೂ ಒಪ್ಯಾರ. ನಿಮ್ಮನ್ನ ಕೇಳಾಕ ಬಂದೆ."

ಬಾಗಿಲ ಹಿಂದೆ ನಾನು ಕಿವಿಗೊಟ್ಟು ನಿಂತಿದ್ದೆ. ಅಪ್ಪನ ಕೈಯಲ್ಲಿ ಹಗ್ಗ ನಿಂತಿತು.

"ನಿಮ್ಮದು ಕುರಿ ಕಾಯೂ ಮನಿತನ. ನಾವು ಲಿಂಗ ಕಟ್ಟಿದವರು. ಇದು ಆಗೂ ಮಾತಲ್ಲ. ಗೊತ್ತಿಲ್ಲೇನು?"

"ಗೊತ್ತೈತ್ರಿ."

"ಗೊತ್ತಿದ್ದೂ ಬಂದಿ?"

"ನಿಮ್ಮನ್ನ ಕೇಳಲಾರದ ಏನರ ಮಾಡಿದ್ರ ನಿಮ್ಮ ಕಣ್ಣಾಗ ಕಣ್ಣಿಟ್ಟು ನಿಂದರಾಕ ಆಗ್ತಿರಲಿಲ್ರಿ."

ಅಪ್ಪ ಅವ್ವನಿಗೆ ಚಾ ಮಾಡಲು ಹೇಳಿದ. ಚಾ ಕುಡಿಸಿ ಕಳಿಸಿದ. 'ಹೂಂ' ಅನ್ನಲಿಲ್ಲ.

ಆ ಮೇಲೆ ಅಪ್ಪ ನನ್ನ ಜೊತೆ ಮಾತು ಬಿಟ್ಟ. ಹೆಸರು ಬಿಡಿಸಿದೆವು, ಜೋಳ ಬಿತ್ತಿದೆವು. ಸಂಬಂಧಗಳು ಬಂದವು, ನಾನು ಒಲ್ಲೆ ಅಂದೆ. ಅವನು ಗದಗಿನಿಂದ ಆಗೊಮ್ಮೆ ಈಗೊಮ್ಮೆ ಸಂಘಕ್ಕೆ ಬಂದು, ಹಲೀಮಾಬಿಯ ಎದುರಿಗೆ ಕೂತು ಚಾ ಕುಡಿದು ಹೋಗುತ್ತಿದ್ದ. ಓಡಿ ಹೋಗೂಣು ಅಂತ ಅವನೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಆ ದಿನಗಳು ಹೇಗೆ ಹೋದವೋ ನೆನಪಾದರೆ ಈಗಲೂ ಆಶ್ಚರ್ಯ. ಅತ್ತದ್ದು ಕಡಿಮೆ ನೆನಪಿದೆ. ಅವನು ಲೋಟ ಕೆಳಗಿಟ್ಟು ಏಳುವಾಗ ಒಂದು ಗಳಿಗೆ ತಡಮಾಡುತ್ತಿದ್ದದ್ದು ಚೆನ್ನಾಗಿ ನೆನಪಿದೆ.

ಜೋಳದ ಸುಗ್ಗಿ ಮುಗಿದ ಮೇಲೆ ಒಂದು ದಿನ ಊಟಕ್ಕೆ ಕೂತ ಅಪ್ಪ, ಗೋಡೆಗೆ ಹೇಳುವ ಹಾಗೆ, "ಆ ಹುಡುಗ ಅವತ್ತ ಹೊಲದಾಗ ಹಿಂದ ಮುಂದ ನೋಡದ ತಪ್ಪು ನಂದು ಅಂದ," ಅಂದ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಅಪ್ಪ ಎದ್ದು ಕೈ ತೊಳೆದ. ಮರುದಿನ ಒಗೆದ ಧೋತರ ಉಟ್ಟು, ಎಲ್ಲಿಗೆ ಅಂತ ಹೇಳದೆ ಬಸ್ಸು ಹತ್ತಿದ. ಸಂಜೆ ಬಂದು ಕಾಲು ತೊಳೆಯುತ್ತ ಅಂದ:

"ದೇವಿಕೊಪ್ಪದ ಹೊಳೆಯಪ್ಪಗ ಹೇಳಿ ಬಂದೀನಿ. ನಮ್ಮ ಹೊಲದಾಗ ಕುರಿ ತರುಬಾಕ ಬರ್ತಾನ."

ಸುಗ್ಗಿಯಾದ ಹೊಲದಲ್ಲಿ ಕುರಿ ಹಿಂಡು ತರುಬಿಸಿದರೆ, ರಾತ್ರಿ ಅಲ್ಲೇ ನಿಲ್ಲಿಸಿ ಮಲಗಿಸಿದರೆ, ನೆಲಕ್ಕೆ ಒಳ್ಳೆಯ ಗೊಬ್ಬರ. ಎಲ್ಲರೂ ತರುಬಿಸುತ್ತಾರೆ. ಆದರೆ ನಮ್ಮೂರ ಸುತ್ತ ಹಿಂಡುಗಳಿಗೆ ಕೊರತೆ ಇರಲಿಲ್ಲ. ಕಲಘಟಗಿ ಸೀಮೆಯಿಂದ ಯಾರೂ ಕುರಿ ಕರೆಸುತ್ತಿರಲಿಲ್ಲ. ಅವ್ವ ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡು ಹೋಗಿ, ಸದ್ದಿಲ್ಲದೆ ಅತ್ತಳು.

ಹಿಂಡು ಬಂದದ್ದು ಹೊತ್ತು ಇಳಿಯುವಾಗ. ಇಳಿಬಿಸಿಲಿಗೆ ಕೆಂಪಾದ ಧೂಳು, ಮರಿಗಳ ಕೂಗು. ಮುಂದೆ ಹೊಳೆಯಪ್ಪ, ಹಿಂದೆ ಹೆಗಲಿಗೆ ಕಂಬಳಿ, ಕೈಯಲ್ಲಿ ಕೋಲು ಹಿಡಿದ ಬಸವಣ್ಣೆಪ್ಪ. ನಾಲಿಗೆಯಲ್ಲಿ ಏನೋ ಸದ್ದು ಮಾಡಿ ಒಂದು ಕುರಿಯನ್ನು ಸಾಲಿಗೆ ತಂದ. ಇಷ್ಟು ದಿನ ನೋಡಿಯೂ ನಾನು ಅವನನ್ನು ಪೂರ್ತಿ ನೋಡಿರಲಿಲ್ಲ ಅನ್ನಿಸಿತು.

ಬುತ್ತಿ ತೆಗೆದುಕೊಂಡು ಹೋದಾಗ ಇಬ್ಬರು ಅಪ್ಪಂದಿರು ಬದುವಿನ ಮೇಲೆ ಎಲೆ ಅಡಿಕೆ ಹಾಕುತ್ತ ಕೂತಿದ್ದರು.

"ನನ್ನ ಮಗ ಏನ್ ಕೆಲಸ ಮಾಡ್ತಾನ ಅಂತ ನಂಗ ತಿಳಿಯಂಗಿಲ್ರಿ," ಅನ್ನುತ್ತಿದ್ದರು ಹೊಳೆಯಪ್ಪ. "ಯಾವುದೋ ಪೆಟಗಿ ಮುಂದ ಕುಂಡ್ರತಾನಂತ."

"ನಂಗೂ ತಿಳಿಯಂಗಿಲ್ಲ," ಅಂದ ಅಪ್ಪ. "ಚೀಟಿ ಸರಿ ಬರ್ತಾವ, ಅಷ್ಟ ಗೊತ್ತು." ಆಮೇಲೆ ನನ್ನ ಕಡೆ ತಿರುಗಿ, ಮಾತು ಬಿಟ್ಟ ಆ ದಿನದ ನಂತರ ಮೊದಲ ಸಲ ನನಗೆ ಅಂತಲೇ ಒಂದು ಮಾತಾಡಿದ. "ಅಲ್ಲಿ ಮರಿ ಹಿಡದ ನಿಂತಾನ ನೋಡು. ರೊಟ್ಟಿ ಕೊಟ್ಟ ಬಾ."

ಹೊಲದ ಆಚೆ ಅಂಚಿನಲ್ಲಿ ಅವನು ನಿಂತಿದ್ದ. ಕಂಬಳಿಯೊಳಗಿಂದ ಒಂದು ಮರಿ ಮೂತಿ ಹೊರಗೆ ಹಾಕಿತ್ತು. ಕೊಯ್ದ ಜೋಳದ ಕೂಳೆ ಕಾಲಿಗೆ ಚುಚ್ಚುತ್ತಿತ್ತು, ನಾನು ನೋಡಿ ನೋಡಿ ಹೆಜ್ಜೆ ಇಡುತ್ತಿದ್ದೆ.

ಅವನು ಕೈ ಮುಂದೆ ಚಾಚಿದ.

"ಮಾದೇವಿ," ಅಂದ. "ಬಾ."

ಬರ್ರಿ ಅನ್ನಲಿಲ್ಲ. ಬಾ ಅಂದ. ನಾನು ಹೋದೆ.